ಎರಡು ಮಾರು, ಒಂದು ಮೊಳ

ಬೊಂಬಾಯಿ
12 ನವೆಂಬರ್ 1953

ನೋಣಯ್ಯಣ್ಣನಿಗೆ,

ಮಂಗಳೂರು ಬಂದರಿನ ಹಡಗು ಏಜೆಂಟರ ಆಫೀಸಿನಲ್ಲಿದ್ದ ಝೇವಿಯರ್ ಪೊರ್ಬುಗಳ ಮಗ ಮೊರಿಸ್ ಬರೆಯುವುದು. ನನ್ನ ಕೊಂಕಣಿ ನಿಮಗೆ ಓದಲಿಕ್ಕೆ ಬಾರದು, ನಿಮ್ಮ ತುಳು ನನಗೆ ಬರೆಯಲಿಕ್ಕೆ ಬಾರದು. ಮಿಶನ್ ಶಾಲೆಯವರು ಇಬ್ಬರಿಗೂ ಹೊಡೆದು ಕಲಿಸಿದ ಕನ್ನಡ ಉಂಟಲ್ಲ, ಅದರಲ್ಲೇ ಸುಧಾರಿಸಿಕೊಳ್ಳೋಣ.

ಮೊನ್ನೆ ಇಲ್ಲಿಯ ಡಾಕ್‌ನಲ್ಲಿ ನಮ್ಮ ಬಂದರಿನ ಮಮ್ಮು ಸಿಕ್ಕಿದ. ನನ್ನ ಬಿಳಿ ಯೂನಿಫಾರ್ಮು ನೋಡಿ ಮೊದಲು ಸಲಾಮು ಹೊಡೆದ, ಆಮೇಲೆ ಗುರುತು ಹತ್ತಿ ನಕ್ಕ. ನೋಣಯ್ಯ ತಂಡೇಲರು ಈಗ ಯಾವ ಸರಕಿನ ಮಂಜಿ ನಡೆಸುತ್ತಿದ್ದಾರೆ ಎಂದು ಕೇಳಿದೆ. "ಎಂತ ಮಂಜಿ ಸ್ವಾಮಿ? ಅವರು ಬೆಂಗ್ರೆಗೂ ಬಂದರಿಗೂ ಕಡವಿನ ದೋಣಿ ದಾಟಿಸ್ತಾರೆ. ಆ ಹಂಚಿನ ಮಂಜಿ ಹೋದ ಮೇಲೆ ಅವರ ಕೈಗೆ ಹಾಯಿಹಡಗು ಯಾರು ಕೊಟ್ಟರು?" ಎಂದ.

ನನಗೆ ಇದು ಗೊತ್ತಿರಲಿಲ್ಲ. ಮಂಜಿಯ ಮಾಲಕರಾದ ನೂರ್ ಮುಹಮ್ಮದ್ ಸಾಹೇಬರು ಮರುವರ್ಷವೇ ನಿಮಗೆ ಬೇರೆ ಮಂಜಿ ಕೊಟ್ಟಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಾಗೆ ಹೇಳಿಕೊಂಡರೆ ನಿದ್ದೆ ಬರುತ್ತಿತ್ತು, ಅದಕ್ಕೆ.

1939ರ ಜನವರಿಯ ಆ ಬೆಳಗು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊಳೆಯ ಮೇಲೆ ಮಂಜು. ಕರಾಚಿಗೆ ಹೋಗುವ ಹಂಚು ತುಂಬಿದ ಮಂಜಿ ಇಳಿತದ ನೀರಿನಲ್ಲಿ ಹೊಳೆ ಕಡಲು ಸೇರುವ ಅಳಿವೆಬಾಗಿಲಿಗೆ ಬಂದಿತ್ತು. ಖಲಾಸಿಗಳ ಜೊತೆ ಹಾಯಿ ಏರಿಸಲು ಮುಂದಕ್ಕೆ ಹೋಗುವಾಗ ನೀವು ಚುಕ್ಕಾಣಿಯನ್ನು, ಕಡಲು ಕಲಿಯಲು ಜೊತೆಗೆ ಬಂದಿದ್ದ ನನ್ನ ಕೈಗೆ ಕೊಟ್ಟಿರಿ. "ಬಿದಿರಿನ ಗುರುತು ಎಡಕ್ಕೆ ಇಟ್ಟುಕೊಂಡು ಬಡಗಿಗೆ ಹಿಡಿ, ಅಲ್ಲಿ ಎರಡು ಮಾರು ಒಂದು ಮೊಳ ನೀರುಂಟು" ಎಂದಿರಿ. ಮಂಜಿನಲ್ಲಿ ಬಿದಿರು ಕಾಣಲಿಲ್ಲ. ನನ್ನ ಕಿಸೆಯಲ್ಲಿ ಅಪ್ಪನ ಆಫೀಸಿನ ಅಚ್ಚಿನ ನಕ್ಷೆ ಇತ್ತು. ನೀವು ಬಾಯಲ್ಲಿ ಹೇಳಿದ್ದಕ್ಕಿಂತ ಅಚ್ಚಾದದ್ದು ಹೆಚ್ಚು ಎಂದು ಇಪ್ಪತ್ತು ವರ್ಷದ ನಾನು ನಂಬಿದೆ. ತೆಂಕಿಗೆ ತಿರುಗಿಸಿದೆ. ಮಂಜಿ ಮರಳಿಗೆ ಹತ್ತಿತು, ಅಲೆ ಬಡಿದು ಒಡೆಯಿತು. ಜೀವ ಯಾರದ್ದೂ ಹೋಗಲಿಲ್ಲ, ಅದೊಂದು ಪುಣ್ಯ. ದಡದಲ್ಲಿ ಸಾಹೇಬರು ಕೇಳಿದಾಗ "ಚುಕ್ಕಾಣಿ ನನ್ನ ಕೈಯಲ್ಲಿತ್ತು" ಎಂದವರು ನೀವು. ಪಕ್ಕದಲ್ಲಿ ಒದ್ದೆಯಾಗಿ ನಿಂತು ಸುಮ್ಮನಿದ್ದವನು ನಾನು. ಮರುವರ್ಷ ನೌಕಾಪಡೆ ನನ್ನನ್ನು ಸೇರಿಸಿಕೊಂಡಿತು.

ಈಗ ನಾನು ಲೆಫ್ಟಿನೆಂಟ್ ಕಮಾಂಡರ್. ಇವತ್ತಿಗೂ ಒಂದೇ ಕನಸು ಬೀಳುತ್ತದೆ: ಅಳಿವೆಯ ಅಡಿಯಲ್ಲಿ ಆ ಹಂಚುಗಳೆಲ್ಲ ತಾವಾಗಿ ಜೋಡಿಸಿಕೊಂಡು ಒಂದು ಮನೆಗೆ ಹೊದಿಸಿದ ಮಾಡಾಗಿವೆ, ಮಾಡಿನ ಸಂದಿಯಿಂದ ಅಡುಗೆಯ ಹೊಗೆ ನೀರಿನಲ್ಲಿ ಮೇಲೇಳುತ್ತಿದೆ. ನಾನು ಆ ಮನೆಯ ಬಾಗಿಲು ಹುಡುಕುತ್ತ ಈಜುತ್ತಿರುತ್ತೇನೆ.

ನೋಣಯ್ಯಣ್ಣ, ನನ್ನ ಕೈಕೆಳಗೆ ಒಂದು ಹಡಗು ಬರಲಿ. ಅದರಲ್ಲಿ ಮಂಗಳೂರಿಗೆ ಬಂದು, ನಿಮ್ಮ ಬೆಂಗ್ರೆಯ ಮುಖಂಡರಾದ ಗುರಿಕಾರರ ಮುಂದೆ, ಊರ ಹತ್ತು ಜನರ ಮುಂದೆ ಸತ್ಯ ಹೇಳುತ್ತೇನೆ. ಇದು ಮಾತು.

ನಿಮ್ಮ
ಮೊರಿಸ್


ಬೆಂಗ್ರೆ
2 ಡಿಸೆಂಬರ್ 1953

ಮೊರಿಸನಿಗೆ ನೋಣಯ್ಯ ಬರೆಯುವುದು.

ನಿನ್ನ ಕಾಗದ ಬಂತು. ಪೋಸ್ಟಿನವ ನೌಕಾಪಡೆಯ ಮುದ್ರೆ ನೋಡಿ, ನನ್ನನ್ನು ಯುದ್ಧಕ್ಕೆ ಕರೆದಿದ್ದಾರೆ ಅಂತ ನನ್ನ ಹೆಂಡತಿ ದೇಯಿಗೆ ಹೇಳಿ ಹೆದರಿಸಿದ. ನಾನು ನಾಲ್ಕನೇ ಕ್ಲಾಸಿನವ, ತಪ್ಪಿದ್ದರೆ ನಗಬೇಡ.

ಸಾಹೇಬರ ಮೇಲೆ ಬೇಸರ ಇಲ್ಲ ಮಾರಾಯ. "ನೋಣಯ್ಯ, ನನಗೆ ನಿನ್ನ ಮೇಲೆ ನಂಬಿಕೆ ಉಂಟು, ಖಲಾಸಿಗಳಿಗೆ ಇಲ್ಲ" ಅಂದರು. ಅದೂ ಸರಿಯೇ. ಕಡವಿನಲ್ಲಿ ಎಂತ ಕಷ್ಟ ಉಂಟು? ಅತ್ತ ಹೋದರೆ ಬಂದರು, ಇತ್ತ ಬಂದರೆ ಮನೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಒಂದೇ ಒಂದು ವಿಷಯ. ಮಳೆಗಾಲದಲ್ಲಿ ಅಳಿವೆಯ ಮರಳು ಹೊರಳಿ ಪ್ರತಿವರ್ಷ ದಾರಿ ಬದಲಾಗ್ತದೆ, ನಿನಗೆ ಗೊತ್ತುಂಟು. ಶ್ರಾವಣದ ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು ಪೂಜೆ ಮಾಡುವಾಗ, ಆ ವರ್ಷದ ದಾರಿ ಅಳೆದ ತಂಡೇಲನ ಕೈಗೆ ಗುರಿಕಾರರು ತೆಂಗಿನಕಾಯಿ ಕೊಡುವುದು ನಮ್ಮ ಊರಿನ ಕ್ರಮ. ಅವನು ಅದನ್ನು ಕಡಲಿಗೆ ಎಸೆದ ಮೇಲೆ ಮಂಜಿಗಳು ಹೊರಡುವುದು. ಅಳಿವೆಯಲ್ಲಿ ಮಂಜಿ ಕಳೆದವನ ಕೈಗೆ ಕಾಯಿ ಕೊಡುವುದಿಲ್ಲ. ಹಾಗಾಗಿ ನನಗೆ ಕೊಡುವುದಿಲ್ಲ. ಅದು ಎಂತ ದೊಡ್ಡ ಸಂಗತಿ ಅಲ್ಲ ಬಿಡು.

ನೀನು ಈಗಲೇ ಏನೂ ಹೇಳಲಿಕ್ಕೆ ಹೋಗಬೇಡ. ನಿಮ್ಮಲ್ಲಿ ಹಡಗನ್ನು ಮರಳಿಗೆ ಹತ್ತಿಸಿದವನ ಟೊಪ್ಪಿ ತೆಗೀತಾರಂತೆ, ಮಮ್ಮು ಹೇಳಿದ. ಇಷ್ಟು ಕಷ್ಟಪಟ್ಟು ಹಾಕಿದ ಟೊಪ್ಪಿ. ನಿನ್ನ ಹಡಗಿನಲ್ಲೇ ಬಾ, ಅವಸರ ಇಲ್ಲ.

ಬರಲಿಕ್ಕೆ ನೀರು ಬೇಕಲ್ಲ. ಯಾರೂ ಕೇಳದಿದ್ದರೂ ಪ್ರತಿವರ್ಷ ಹಗ್ಗಕ್ಕೆ ಗುಂಡು ಕಟ್ಟಿ ನಾನು ಅಳೀತೇನೆ. ಈ ವರ್ಷ ಬಡಗು ದಾರಿಯಲ್ಲಿ ಎರಡು ಮಾರಿಗೆ ಸ್ವಲ್ಪ ಕಡಿಮೆ. ನಿನ್ನ ಹಡಗಿಗೆ ಎಷ್ಟು ಬೇಕು ಬರೆ.

ನಿನ್ನ ಕನಸಿನ ಮನೆ ಕೇಳಿ ದೇಯಿ ನಕ್ಕಳು. ಮಳೆಗಾಲ ಮುಗಿದಾಗ ಅಲೆ ಒಂದೊಂದು ಹಂಚನ್ನು ಮರಳಿನ ಮೇಲೆ ತಂದು ಇಡ್ತದೆ. ನಾನು ಹೆಕ್ಕಿ ತಂದು ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಇಂಥ ಸಾಲಗಾರ ಕಡಲನ್ನು ಎಲ್ಲಿಯೂ ನೋಡಲಿಲ್ಲ.

ನೋಣಯ್ಯ


ಬೆಂಗ್ರೆ
20 ಸೆಪ್ಟೆಂಬರ್ 1955

ಮೊರಿಸ,

ಅಳೆದೆ. ಎರಡು ಮಾರು, ನಾಲ್ಕು ಬೆರಳು. ದಾರಿ ಸ್ವಲ್ಪ ಬಡಗಿಗೆ ಸರಿದಿದೆ. ಈ ವರ್ಷ ಬರುವುದಾದರೆ ಒಳ್ಳೆಯದಿತ್ತು. ಅಡುಗೆಕೋಣೆಯ ಒಂದು ಮೂಲೆಗೆ ಆಗುವಷ್ಟು ಹಂಚು ಆಗಿದೆ. ಉಪ್ಪು ಕುಡಿದ ಹಂಚು, ಸುಡುವ ಬಿಸಿಲಿಗೂ ತಂಪು.

ನೋಣಯ್ಯ


ಕೊಚ್ಚಿ
9 ಅಕ್ಟೋಬರ್ 1956

ನೋಣಯ್ಯಣ್ಣನಿಗೆ,

ನಿಮ್ಮ ಈ ವರ್ಷದ ಅಳತೆಯೂ ತಲುಪಿತು. ನಾನು ಕಮಾಂಡರ್ ಆದೆ. ಭುಜದ ಮೇಲೆ ಇನ್ನೊಂದು ಪಟ್ಟಿ ಏರಿತು. ನನ್ನ ಹೆಂಡತಿ ಎವ್ಲಿನ್ ಯೂನಿಫಾರ್ಮಿನ ಗುಂಡಿಗಳನ್ನು ದಿನಕ್ಕೆರಡು ಸಲ ಉಜ್ಜುತ್ತಾಳೆ.

ಇಲ್ಲಿ ಎಳೆಯ ಅಧಿಕಾರಿಗಳಿಗೆ ಹಡಗು ನಡೆಸುವ ಪಾಠ ಹೇಳುತ್ತೇನೆ. ನಕ್ಷೆಯನ್ನು ನಂಬಿ, ಆದರೆ ನಕ್ಷೆಗಿಂತ ನೀರನ್ನು ಹೆಚ್ಚು ನಂಬಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಆಗೆಲ್ಲ ಹಿಂದಿನ ಬೆಂಚಿನಲ್ಲಿ ನೀವು ಕೂತು ಬೀಡಿ ಸೇದುತ್ತ ನನ್ನನ್ನೇ ನೋಡುತ್ತಿದ್ದೀರಿ ಎನಿಸುತ್ತದೆ. ಒಂದು ದಿನ ನಿಜವಾಗಿಯೂ ಬೀಡಿಯ ವಾಸನೆ ಬಂತು. ಕಿಟಕಿಯ ಹೊರಗೆ ಮಾಲಿ ಕೂತಿದ್ದ.

ಮಂಗಳೂರಿಗೆ ಬರುವ ಯೋಗ ಇನ್ನೂ ಕೂಡಿಬಂದಿಲ್ಲ. ಹಡಗು ಸಿಕ್ಕಿದಾಗ ಎಂದು ಹೇಳಿದ್ದೆ, ಮರೆತಿಲ್ಲ. ಬೇಗ ಎಂದಷ್ಟೇ ಈಗ ಹೇಳಬಲ್ಲೆ. ಪ್ರತಿವರ್ಷ ಅಳತೆ ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ.

ಮೊರಿಸ್


ಬೆಂಗ್ರೆ
16 ಫೆಬ್ರವರಿ 1958

ಕಮಾಂಡರ್ ಮೊರಿಸ್ ಪೊರ್ಬುಗಳಿಗೆ,

ಕಮಾಂಡರಿಗೆ ನೀನು ತಾನು ಅಂತ ಬರೆಯುವುದು ಸರಿಯಲ್ಲ ಅಂತ ನಮ್ಮ ಮಗಳು ಬಾಗಿ ಹೇಳಿದಳು. ಅವಳು ಏಳನೇ ಕ್ಲಾಸು ಓದಿದವಳು. ಹಾಗಾಗಿ ಇನ್ನು ನೀವು.

ಬಾಗಿಯ ಮದುವೆ ಆಯ್ತು. ಮಲ್ಪೆಯ ಹುಡುಗ, ಒಳ್ಳೆಯವ. ಮಾತುಕತೆಗೆ ಬಂದಾಗ ಹುಡುಗನ ಸೋದರಮಾವ ಎಲೆಅಡಿಕೆ ಬಾಯಲ್ಲಿ ಇಟ್ಟುಕೊಂಡು, "ಇವಳು ಹಂಚಿನ ತಂಡೇಲನ ಮಗಳಲ್ವಾ?" ಅಂತ ಕೇಳಿದರು. ಹಂಚಿನ ತಂಡೇಲ ಅಂತ ನನ್ನ ಅಡ್ಡಹೆಸರು, ನಿಮಗೆ ಗೊತ್ತಿಲ್ಲ. ಮಂಜಿ ಒಡೆದ ವರ್ಷವೇ ಬಾಗಿ ಹುಟ್ಟಿದ್ದು. ಅವಳು ಒಳಗಿಂದ ಕೇಳಿಸಿಕೊಂಡು, "ಹೌದು, ಅದಕ್ಕೇ ನಮ್ಮ ಮನೆ ಸೋರುವುದಿಲ್ಲ" ಅಂತ ಹೇಳಿಬಿಟ್ಟಳು. ಹುಡುಗ ನಕ್ಕ. ಆ ನಗುವಿನಲ್ಲೇ ಮದುವೆ ಗಟ್ಟಿಯಾಯ್ತು.

ಆದರೆ ಧಾರೆಯ ಹಿಂದಿನ ದಿನ ನನ್ನ ಹತ್ತಿರ ಬಂದು, "ಅಪ್ಪಾ, ಅಳಿವೆ ಇಷ್ಟು ಗೊತ್ತಿರುವ ನೀವು ಆ ದಿನ ತೆಂಕಿಗೆ ಯಾಕೆ ಹೋದಿರಿ?" ಅಂತ ಕೇಳಿದಳು. ಮಂಜು ಇತ್ತು ಮಗಾ ಅಂದೆ. ಅವಳು ನಂಬಲಿಲ್ಲ. ಬೇರೆ ಎಂತ ಹೇಳುವುದು?

ಶ್ರಮ ಎಂತದ್ದೂ ಇಲ್ಲ, ಅಳತೆ ಕಳಿಸ್ತೇನೆ. ಈ ಸಲ ಒಂದೂಮುಕ್ಕಾಲು ಮಾರು. ದೊಡ್ಡ ಹಡಗಾದರೆ ಹೊರಗೆ ನಿಲ್ಲಿಸಿ ನೀವು ಚಿಕ್ಕ ಬೋಟಿನಲ್ಲಿ ಒಳಗೆ ಬರಬಹುದು. ನೀವು ಬಾರದೆ ಇರುವುದು ನೀರು ಸಾಲದೆ ಅಂತ ನಾನು ಎಣಿಸಿದ್ದೇನೆ. ಅದಕ್ಕೆ ಬರೆದೆ.

ನೋಣಯ್ಯ


ಬೊಂಬಾಯಿ
20 ಜನವರಿ 1962

ನೋಣಯ್ಯಣ್ಣನಿಗೆ,

ಬಾಗಿಯ ಮದುವೆಯ ನಿಮ್ಮ ಕಾಗದಕ್ಕೆ ನಾಲ್ಕು ವರ್ಷ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ನಡುವೆ ನಿಮ್ಮ ಅಳತೆಗಳು ಮಾತ್ರ ತಪ್ಪದೆ ಬಂದವು.

ಕಳೆದ ತಿಂಗಳು ಗೋವೆಯ ಎದುರು ಕಡಲಿನಲ್ಲಿದ್ದೆವು. ನಮ್ಮ ಹಿರಿಯರು ಎಂದೋ ಬಿಟ್ಟುಬಂದ ನೆಲವನ್ನು ನಾನು ದುರ್ಬೀನಿನಲ್ಲಿ ನೋಡಿದೆ. ಬೆಳಗಿನ ಮಂಜಿನಲ್ಲಿ ತೆಂಗು, ಬಿಳಿ ಗೋಪುರ, ಕೆಂಪು ಹಂಚಿನ ಮಾಡುಗಳು. ನೋಡುತ್ತ ನೋಡುತ್ತ ಅದು ನೀರಿನ ಮೇಲಿದೆಯೋ ಅಡಿಯಲ್ಲಿದೆಯೋ ತಿಳಿಯದಾಯಿತು. ಯುದ್ಧದ ಹಡಗಿನಲ್ಲಿ ನಿಂತವನು ಕಾಣಬಾರದ ಕನಸು ಅದು. ಅಮ್ಮ ಬಿಜೈಯಿಂದ ಬರೆದ ಕಾಗದದಲ್ಲಿ ಒಂದೇ ಪ್ರಶ್ನೆ: ಅಲ್ಲಿ ಇಗರ್ಜಿಯ ಗಂಟೆ ಕೇಳಿಸಿತೇ?

ನನಗೆ ಕ್ಯಾಪ್ಟನ್ ಪದವಿ ಬಂದಿದೆ. ಒಂದು ಹಡಗೂ ಬಂದಿದೆ. ಬರುವ ವರ್ಷದ ಆರಂಭದಲ್ಲಿ ಅದು ಮಂಗಳೂರಿನ ಎದುರು ಲಂಗರು ಹಾಕಲಿದೆ. ತಾರೀಕು ಗೊತ್ತಾದೊಡನೆ ತಿಳಿಸುತ್ತೇನೆ. ಈ ಸಲ ಖಂಡಿತ.

ಮೊರಿಸ್


ಬೆಂಗ್ರೆ
11 ಮಾರ್ಚ್ 1963

ಕ್ಯಾಪ್ಟನ್ ಪೊರ್ಬುಗಳಿಗೆ,

ನಿಮ್ಮ ಹಡಗು ಬಂದದ್ದನ್ನು ಮೊದಲು ನೋಡಿದವ ನಾನು. ಸೂರ್ಯ ಮೇಲೆ ಬರುವ ಮೊದಲು ಮಂಜಿನ ಒಳಗೆ ಬೂದಿಬಣ್ಣದ್ದು ಏನೋ ನಿಂತಿತ್ತು. ಮೋಡವೋ, ಗುಡ್ಡವೋ, ನನ್ನ ಕಣ್ಣೋ ಅಂತ ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ಆಮೇಲೆ ಬೆಳಕು ಬಿತ್ತು, ಬಾವುಟ ಕಂಡಿತು.

ನಿಮ್ಮ ಬೋಟಿಗೆ ದಾರಿ ಗೊತ್ತಾಗಲಿ ಅಂತ, ನೀವು ತಿಳಿಸಿದ ತಾರೀಕಿನ ಹಿಂದಿನ ದಿನವೇ ಅಳಿವೆಯ ಉದ್ದಕ್ಕೂ ಬಿದಿರು ನೆಟ್ಟು ತುದಿಗೆ ಬಿಳಿ ಬಟ್ಟೆ ಕಟ್ಟಿದ್ದೆ. ದೇಯಿಯ ಮದುವೆಯ ಕಾಲದ ಸೀರೆ, ಇನ್ನು ಉಡುವ ಹಾಗಿರಲಿಲ್ಲ. ಮೂವತ್ತೆಂಟು ಬಿದಿರು. ಚೆನ್ನಪ್ಪ ಗುರಿಕಾರರೇ ಬಂದು, "ಇದೆಂತ ನೋಣಯ್ಯ, ಕಡಲಿಗೆ ಮದುವೆಯಾ?" ಅಂತ ಕೇಳಿದರು. ನನ್ನ ಜನ ಬರ್ತಾರೆ ಅಂದೆ.

ಬೆಳಿಗ್ಗೆಯಿಂದ ದೋಣಿಯಲ್ಲಿ ಅಳಿವೆಯ ಬಾಯಲ್ಲೇ ಇದ್ದೆ. ಹಡಗಿನಿಂದ ಎರಡು ಬೋಟು ಇಳಿದವು. ಕಲೆಕ್ಟರರ ಊಟಕ್ಕೆ ಅಧಿಕಾರಿಗಳು ಬಂದರು. ಒಂದೊಂದು ಮುಖವನ್ನೂ ನೋಡಿದೆ. ಇಪ್ಪತ್ನಾಲ್ಕು ವರ್ಷ ಆಯ್ತಲ್ಲ, ನಿಮ್ಮ ಗುರುತು ಸಿಗಲಿಲ್ಲವೋ ಅಂತ ಹೆದರಿ ಒಬ್ಬರ ಹತ್ತಿರ ಕೇಳಿದೆ. "ಕ್ಯಾಪ್ಟನ್ ಹಡಗಿನಲ್ಲೇ ಇದ್ದಾರೆ" ಅಂದರು. ಹೊತ್ತು ಮುಳುಗುವಾಗ ಹಡಗು ಹೋಯ್ತು. ಹಡಗು ಬಹಳ ಚಂದ ಉಂಟು.

ಬಿದಿರು ಈಗಲೂ ಅಲ್ಲೇ ಉಂಟು. ಕಾಗೆ ಕೂತ್ಕೊಳ್ತದೆ. ನೀರು ಎರಡು ಮಾರು ಇತ್ತು, ಧಾರಾಳ ಸಾಕಿತ್ತು.

ನೋಣಯ್ಯ


ಕೊಚ್ಚಿ
2 ಏಪ್ರಿಲ್ 1963

ಪ್ರಿಯ ನೋಣಯ್ಯನವರಿಗೆ,

ನಿಮ್ಮ ಕಾಗದ ತಲುಪಿತು. ಕರ್ತವ್ಯದ ಕಾರಣದಿಂದ ಹಡಗನ್ನು ಬಿಟ್ಟು ಇಳಿಯುವುದು ಸಾಧ್ಯವಾಗಲಿಲ್ಲ. ಹವೆಯೂ ಅಷ್ಟೊಂದು ಸರಿಯಿರಲಿಲ್ಲ. ಇನ್ನೊಮ್ಮೆ ಭೇಟಿಯಾಗೋಣ. ದೇಯಿಯವರಿಗೆ ನನ್ನ ವಂದನೆ.

ಇಂತು
ಮೊರಿಸ್


ಬಿಜೈ, ಮಂಗಳೂರು
3 ಜುಲೈ 1967

ನೋಣಯ್ಯಣ್ಣನಿಗೆ,

ನಾಲ್ಕು ವರ್ಷದಿಂದ ನಿಮ್ಮ ಅಳತೆ ಬಂದಿಲ್ಲ. ಬರಬೇಕೆಂದು ಕೇಳುವ ಯೋಗ್ಯತೆಯೂ ನನಗಿಲ್ಲ.

ನಾನು ನಿವೃತ್ತನಾಗಿ ಊರಿಗೆ ಬಂದು ಎರಡು ತಿಂಗಳಾಯಿತು. ನಡುವೆ ಒಂದು ಹೊಳೆ, ಆದರೂ ಕಡವಿನ ಕಟ್ಟೆಯವರೆಗೆ ಬಂದು ಮೂರು ಸಲ ಹಿಂದೆ ಹೋದೆ. ಕಾಗದದಲ್ಲಿ ಮಾತಾಡಿ ಅಭ್ಯಾಸವಾಗಿ ಮುಖ ನೋಡುವ ಧೈರ್ಯ ಹೋಗಿದೆ. ಈ ನಡುವೆ ಊರಿನವರಿಗೆ ನಾನೊಬ್ಬ ದೊಡ್ಡ ಮನುಷ್ಯ. ಪುರಭವನದಲ್ಲಿ ಸನ್ಮಾನ, ಶಾಲೆಗಳಲ್ಲಿ ಬಹುಮಾನ ಹಂಚುವುದು, ವಾರಕ್ಕೆ ಎರಡು ಭಾಷಣ, ಮನೆ ತುಂಬ ಶಾಲು. ಬಂದರಿನ ಸುಧಾರಣೆಗೆ ನಾಗರಿಕರದೊಂದು ಸಮಿತಿ ಆಗುತ್ತಿದೆ, ನಾನೇ ಅಧ್ಯಕ್ಷನಾಗಬೇಕಂತೆ. ನಿಜ ಹೇಳುತ್ತೇನೆ, ನನಗೆ ಅದು ಬೇಕೆನಿಸುತ್ತದೆ.

ನಿನ್ನೆ ಚೆನ್ನಪ್ಪ ಗುರಿಕಾರರು ನಾಲ್ಕು ಜನರೊಂದಿಗೆ ಬಂದಿದ್ದರು. ಈ ಸಲದ ನೂಲ ಹುಣ್ಣಿಮೆಗೆ ಬೆಂಗ್ರೆಯಲ್ಲಿ ಕಡಲಿಗೆ ತೆಂಗಿನಕಾಯಿಯನ್ನು, ತಂಡೇಲನಲ್ಲದಿದ್ದರೂ ಗೌರವಕ್ಕಾಗಿ, ನಾನು ಎಸೆಯಬೇಕಂತೆ. ಬೇಡವೆನ್ನಲು ಬಾಯಿ ತೆರೆದವನು, ಬರುತ್ತೇನೆ ಎಂದೆ. ನಮ್ಮ ಮಾತು ತೀರಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಡಗಿನಲ್ಲಿ ಬರುತ್ತೇನೆಂದಿದ್ದೆ. ನಿಮ್ಮ ಕಡವಿನಲ್ಲಿ ಬರುತ್ತೇನೆ.

ಮೊರಿಸ್


ಬೆಂಗ್ರೆ
22 ಆಗಸ್ಟ್ 1967

ಕ್ಯಾಪ್ಟನ್ ಪೊರ್ಬುಗಳಿಗೆ,

ನೀವು ಮಾತು ಉಳಿಸಿದಿರಿ. ಅಷ್ಟು ಜನರ ಎದುರಿಗೆ ಕಾಯಿ ಹಿಡಿದುಕೊಂಡು, "ಆ ದಿನ ಚುಕ್ಕಾಣಿ ಹಿಡಿದವನು ನಾನು, ಈ ಕಾಯಿ ನೋಣಯ್ಯಣ್ಣನದು" ಅಂತ ಹೇಳಿ ನನ್ನ ಕೈಗೆ ಕೊಟ್ಟಿರಿ. ಜನ ಚಪ್ಪಾಳೆ ತಟ್ಟಿದರು. ಅವರು ನಂಬಿದರು ಅಂತ ನೀವು ಎಣಿಸಿದಿರಿ, ನಿಮ್ಮ ಮುಖ ನೋಡಿ ಗೊತ್ತಾಯ್ತು.

ನಂಬಲಿಲ್ಲ. ಗುರಿಕಾರರು ಮೆಲ್ಲ ನನ್ನ ಕೈಯಿಂದ ಕಾಯಿ ತೆಗೆದು, "ಕಡಲಿಗೆ ಅಪಚಾರ ಆಗಬಾರದು, ನೀವೇ ಎಸೆಯಿರಿ" ಅಂತ ನಿಮಗೇ ಹಿಂದೆ ಕೊಟ್ಟದ್ದು ಯಾಕೆ ಅಂತ ಯೋಚಿಸಿದಿರಾ? ನಿಮ್ಮನ್ನು ಬಂದರಿನಲ್ಲಿ ಇಳಿಸಿ ಹಿಂದೆ ಬರುವಾಗ ನನ್ನ ದೋಣಿಯಲ್ಲಿ ಎಲ್ಲರದ್ದೂ ಒಂದೇ ಮಾತು. "ದೊಡ್ಡವರು ಅಂದರೆ ಹಾಗೆ. ಒಬ್ಬ ಕಡವಿನವನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡರು." ಒಬ್ಬ ನನ್ನ ಬೆನ್ನು ತಟ್ಟಿ, "ನಿನ್ನ ಪುಣ್ಯ ಮಾರಾಯ" ಅಂದ. ನಾನು ಹುಟ್ಟು ಹಾಕ್ತಾ ಇದ್ದೆ. ಹುಟ್ಟು ಕೈಯಿಂದ ಜಾರಿತು.

ನೀವು ಹೇಳಿದ ಸತ್ಯದಿಂದ ನಿಮಗೆ ಇನ್ನೊಂದು ಶಾಲು ಸಿಕ್ಕಿತು. ನಿಮ್ಮ ತಪ್ಪಲ್ಲ. ಬಡವನ ಪರವಾಗಿ ದೊಡ್ಡವರು ಸತ್ಯ ಹೇಳಿದರೂ ಅದು ಧರ್ಮ ಕೊಟ್ಟ ಹಾಗೆ ಕಾಣ್ತದೆ.

ಐವತ್ತಮೂರರಲ್ಲಿ ನಾನು ಒಂದು ಸುಳ್ಳು ಬರೆದಿದ್ದೆ. ಕಾಯಿ ದೊಡ್ಡ ಸಂಗತಿ ಅಲ್ಲ ಅಂತ. ಈಗ ಹೇಳ್ತೇನೆ. ನನಗೆ ಆ ಕಾಯಿ ಬೇಕಿತ್ತು. ಇಪ್ಪತ್ತೆಂಟು ವರ್ಷ ಪ್ರತಿ ನೂಲ ಹುಣ್ಣಿಮೆಗೂ ಹಿಂದಿನ ಸಾಲಿನಲ್ಲಿ ನಿಂತು ಬೇರೆಯವರ ಕೈ ನೋಡಿದ್ದೇನೆ. ನಾನು ಅಳೆದ ದಾರಿಯನ್ನು ಹಿತ್ತಿಲ ಬಾಗಿಲಲ್ಲಿ ಬಂದು ಕೇಳಿಕೊಂಡು ಹೋಗಿ, ಎದುರುಬಾಗಿಲಲ್ಲಿ ಕಾಯಿ ಎಸೆದವರು ಇದ್ದಾರೆ. ನಾನು ಅಳಿವೆ ಗೊತ್ತಿಲ್ಲದವ ಅಲ್ಲ. ಇಷ್ಟನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು.

ಪಣಂಬೂರಿನಲ್ಲಿ ಹೊಸ ಬಂದರು ಬರ್ತದಂತೆ. ಮತ್ತೆ ಅಳಿವೆ ಯಾರಿಗೆ ಬೇಕು? ನನಗೂ ಐವತ್ತೈದು ಆಯ್ತು. ಬಾಗಿಯ ಬಾಣಂತನಕ್ಕೆ ದೇಯಿ ಮತ್ತು ನಾನು ಮಲ್ಪೆಗೆ ಹೋಗ್ತೇವೆ. ಎರಡು ತಿಂಗಳು ಇಲ್ಲ.

ನೋಣಯ್ಯ


ಬಿಜೈ
15 ಅಕ್ಟೋಬರ್ 1967

ನೋಣಯ್ಯಣ್ಣನಿಗೆ, ಮಲ್ಪೆಯ ವಿಳಾಸಕ್ಕೆ.

ನಿಮ್ಮ ಕಾಗದ ಓದಿ ಮೂರು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ಗೋಡೆಗೆ ತೂಗುಹಾಕಿದ ಶಾಲುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿಸಿದೆ. ನಾನೂ ಎರಡು ವಿಷಯ ಮುಚ್ಚಿಟ್ಟಿದ್ದೆ.

ಒಂದು, ಅರುವತ್ತಮೂರರ ಆ ದಿನ. ಹವೆ ಚೆನ್ನಾಗಿಯೇ ಇತ್ತು. ಬೆಳಗಿನಿಂದ ದುರ್ಬೀನು ಹಿಡಿದು ನಿಮ್ಮನ್ನೇ ನೋಡುತ್ತಿದ್ದೆ. ಮಂಜು ಕರಗಿದ ಹಾಗೆ ಒಂದೊಂದೇ ಬಿಳಿ ಬಟ್ಟೆ ಕಾಣಿಸಿತು. ಅಷ್ಟು ಚಂದದ ದಾರಿಯನ್ನು ಯಾವ ಬಂದರಿನಲ್ಲೂ ಯಾರೂ ನನಗೆ ಮಾಡಿಕೊಟ್ಟಿರಲಿಲ್ಲ. ಇಳಿದು ಬಂದರೆ ಹೇಳಬೇಕಿತ್ತು, ಹೇಳಿದರೆ ನನ್ನ ಅಧಿಕಾರಿಗಳಿಗೂ ತಿಳಿಯುತ್ತಿತ್ತು. ಹೆದರಿದೆ. ಪ್ರತಿವರ್ಷ ನಿಮ್ಮ ಅಳತೆ ಬಂದಾಗಲೂ, ಯಾವಾಗ ಬರುತ್ತೀ, ಯಾವಾಗ ಹೇಳುತ್ತೀ ಎಂದು ನೀವು ನನ್ನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೀರಿ ಎಂದೇ ಓದಿಕೊಂಡೆ. ನನ್ನ ಹಡಗಿಗೆ ನೀರು ಸಾಕೋ ಇಲ್ಲವೋ ಎಂಬ ಚಿಂತೆ ಮಾತ್ರ ಅದರಲ್ಲಿತ್ತು ಎಂದು ಈಗ ತಿಳಿಯಿತು.

ಎರಡು, ಆ ನಕ್ಷೆ. ಅದು ನೀರಿನಲ್ಲಿ ಹೋಗಿರಲಿಲ್ಲ. ಕಿಸೆಯಲ್ಲೇ ಉಳಿದಿತ್ತು. ಒಣಗಿಸಿ ಇಷ್ಟು ವರ್ಷ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ಅದನ್ನು ತೆಗೆದುಕೊಂಡು ಬೆಂಗ್ರೆಗೆ ಹೋದೆ. ಚೆನ್ನಪ್ಪ ಗುರಿಕಾರರು ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದರು. ಜೊತೆಗೆ ಮೂವರು ಹಳೆಯ ತಂಡೇಲರು. ನಾನು ಮಾತಾಡಲಿಲ್ಲ, ಮಾತಿನ ಬೆಲೆ ನೋಡಿಯಾಗಿತ್ತು. ನಕ್ಷೆಯನ್ನು ನೆಲಕ್ಕೆ ಹಾಸಿದೆ.

"ಈ ಅಂಕೆ ಎಂತದ್ದು?" ಎಂದರು ಗುರಿಕಾರರು.

"ನೀರಿನ ಆಳ. ಹಳೆಯದು."

"ಈ ಪೆನ್ಸಿಲಿನ ಗೆರೆ?"

"ಮಂಜಿಯ ದಾರಿ. ಆ ದಿನ ಬೆಳಿಗ್ಗೆ ಮೊದಲೇ ಎಳೆದುಕೊಂಡದ್ದು. ಪಕ್ಕದಲ್ಲಿ ತಾರೀಕು ಉಂಟು."

ಅವರಿಗೆ ಇಂಗ್ಲಿಷು ಬೇಕಾಗಲಿಲ್ಲ. ಗೆರೆಯ ಮೇಲೆ ಬೆರಳಿಟ್ಟು ಹೊಳೆಯಿಂದ ಹೊರಟರು. ಬಿದಿರಿನ ಜಾಗಕ್ಕೆ ಬಂದು ಬೆರಳು ನಿಂತಿತು. ಗೆರೆ ಅಲ್ಲಿಂದ ತೆಂಕಿಗೆ ತಿರುಗುತ್ತದೆ. ಮೂವರು ತಂಡೇಲರೂ ಬಗ್ಗಿ ನೋಡಿದರು.

"ಇಲ್ಲಿ ತೆಂಕಿಗೆ ತಿರುಗಿಸುವವ ತಂಡೇಲ ಅಲ್ಲ" ಎಂದರು ಗುರಿಕಾರರು. "ಕಣ್ಣು ಕಟ್ಟಿದರೂ ನೋಣಯ್ಯ ಇಲ್ಲಿ ತೆಂಕಿಗೆ ತಿರುಗಿಸುವುದಿಲ್ಲ. ಇದು ಓದಿದವರ ಕೆಲಸ."

"ಹೌದು, ನನ್ನ ಕೆಲಸ" ಎಂದೆ.

ಆಗ ಅವರು ನನ್ನ ಮುಖ ನೋಡಿದರು, ನೋಣಯ್ಯಣ್ಣ. ಊರಿಗೆ ಬಂದ ಮೇಲೆ ನನ್ನನ್ನು ಕ್ಯಾಪ್ಟನ್ ಎನ್ನದೆ ಒಬ್ಬರು ನೋಡಿದ್ದು ಅದೇ ಮೊದಲು. "ಅಳಿವೆಯಲ್ಲಿ ಚುಕ್ಕಾಣಿ ಬೇರೆಯವರ ಕೈಗೆ ಕೊಟ್ಟದ್ದು ಅವನ ತಪ್ಪೇ" ಎಂದರು. "ಅದಕ್ಕೆ ಒಂದು ವರ್ಷ ಸಾಕಿತ್ತು. ನಾವು ಇಪ್ಪತ್ತೆಂಟು ಮಾಡಿದೆವು." ನನಗೆ ಒಂದು ಲೋಟ ನೀರು ಸಹ ಕೊಡಲಿಲ್ಲ. ಸರಿಯೆನಿಸಿತು.

ಮಾತು ಹೊಳೆ ದಾಟಿ ಊರಿಗೂ ಬಂದಿದೆ. ಸಮಿತಿಯ ಸಭೆಯಲ್ಲಿ ಒಬ್ಬರು, "ಮಂಜಿ ಮುಳುಗಿಸಿದವರು ಬಂದರು ಉದ್ಧಾರ ಮಾಡ್ತಾರಾ?" ಎಂದು ಕೇಳಿದರಂತೆ. ನಾನು ಅಧ್ಯಕ್ಷತೆ ಬೇಡವೆಂದು ಬರೆದು ಕಳಿಸಿದೆ. ಬೇಸರ ಇಲ್ಲವೆಂದರೆ ಸುಳ್ಳಾಗುತ್ತದೆ. ಬೇಸರ ಉಂಟು. ಆದರೆ ನಿನ್ನೆಯ ಕನಸಿನಲ್ಲಿ ಆ ಹಂಚಿನ ಮನೆಯ ಬಾಗಿಲು ಸಿಕ್ಕಿತು. ತಟ್ಟುವಷ್ಟರಲ್ಲಿ ಎಚ್ಚರವಾಯಿತು.

ಮೊರಿಸ್


ಬೆಂಗ್ರೆ
10 ಆಗಸ್ಟ್ 1968

ಮೊರಿಸ,

ನಿನ್ನನ್ನು ನೋಡಲಿಕ್ಕೆ ನಿನ್ನೆ ಅತ್ತಾವರದ ಆಸ್ಪತ್ರೆಯವರೆಗೆ ಬಂದಿದ್ದೆ. ಒಳಗೆ ಬಿಡಲಿಲ್ಲ. ಎವ್ಲಿನ್ ಬಾಯಮ್ಮ ಹೊರಗೆ ಬಂದು, ಎದೆನೋವು ಈಗ ಕಡಿಮೆ ಉಂಟು, ಇನ್ನು ಹತ್ತು ದಿನ ಯಾರೂ ಮಾತಾಡಿಸಬಾರದು, ಕಾಗದ ಬರೆದರೆ ಓದಿ ಹೇಳ್ತೇನೆ ಅಂದರು. ಕಾಗದ ಆದರೆ ನಮಗೆ ಅಭ್ಯಾಸವೇ. ನೀನು ಅಂತಲೇ ಬರೀತೇನೆ. ಆಸ್ಪತ್ರೆಯ ಮಂಚಕ್ಕೆ ಪದವಿ ಇಲ್ಲ.

ಮೊನ್ನೆ ನೂಲ ಹುಣ್ಣಿಮೆ. ನಾನು ಅಭ್ಯಾಸಬಲದಿಂದ ಹಿಂದಿನ ಸಾಲಿನಲ್ಲೇ ನಿಂತಿದ್ದೆ. ಗುರಿಕಾರರು ಕೋಲು ಊರಿಕೊಂಡು ಜನರ ನಡುವೆ ನಡೆದು ನನ್ನ ಹತ್ತಿರವೇ ಬಂದರು. ಭಾಷಣ ಇಲ್ಲ, ಎಂತದ್ದೂ ಇಲ್ಲ. "ಹಿಡಿ" ಅಂದರು. "ಈ ವರ್ಷದ ದಾರಿ ಹೇಳು." ಇಷ್ಟು ವರ್ಷದ ಮೇಲೆ ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂಡೇಲರು ತಲೆ ಅಲ್ಲಾಡಿಸಿ ಕೇಳಿ ನೆನಪಿಟ್ಟುಕೊಂಡರು. ಅದು ಚಪ್ಪಾಳೆಗಿಂತ ಹೆಚ್ಚು. ಬಾಗಿ ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತಿದ್ದಳು. ಅವಳು ಅತ್ತಳು, ನಾನೂ ಅತ್ತೆ. ಮಗು ಮಾತ್ರ ನಗ್ತಾ ಇತ್ತು.

ಕಾಯಿಯನ್ನು ನಮ್ಮ ಮಂಜಿ ಮುಳುಗಿದ ಕಡೆಗೆ ಎಸೆದೆ. ಇಳಿತದ ನೀರು, ತೇಲುತ್ತ ತೇಲುತ್ತ ಹೋಯ್ತು. ಒಂದು ಕಡೆ ನಿಂತ ಹಾಗೆ ಆಗಿ, ಸುತ್ತು ತಿರುಗಿ, ಆಮೇಲೆ ಕಾಣಲಿಲ್ಲ. ನಿನ್ನ ಕನಸಿನ ಮನೆಯವರು ಬಾಗಿಲು ತೆಗೆದು ಒಳಗೆ ತೆಗೆದುಕೊಂಡರೋ ಏನೋ.

ಅಡುಗೆಕೋಣೆಯ ಮಾಡು ಪೂರ್ತಿ ಆಯ್ತು. ಒಂದೇ ಒಂದು ಹಂಚಿನ ಜಾಗ ಬಿಟ್ಟಿದ್ದೇನೆ. ಅಲ್ಲಿಂದ ಹೊಗೆ ಹೋಗ್ತದೆ, ಹುಣ್ಣಿಮೆಯ ದಿನ ಬೆಳದಿಂಗಳು ಬರ್ತದೆ. ದೇಯಿ ಮುಚ್ಚಿ ಅಂತಾಳೆ, ನನಗೆ ಮನಸ್ಸಿಲ್ಲ.

ಈ ಸಲ ಅಳೆಯುವಾಗ ಹಗ್ಗವನ್ನು ಮೂರು ಸಲ ಬಿಟ್ಟು ನೋಡಿದೆ, ನಂಬಿಕೆ ಬರಲಿಲ್ಲ. ಮರಳು ಹೊರಳಿ ಹೊರಳಿ, ಅಳಿವೆ ತಿರುಗಿ ಆ ದಿನ ಇದ್ದ ಹಾಗೆಯೇ ಬಂದು ನಿಂತಿದೆ. ಅದೇ ದಾರಿ. ಬಡಗಿಗೆ ಎರಡು ಮಾರು, ಒಂದು ಮೊಳ.

ನೀನು ಹುಷಾರಾಗಿ ಬಾ. ಹಡಗು ಬೇಡ, ನನ್ನ ದೋಣಿ ಸಾಕು. ಅಳಿವೆಯಲ್ಲಿ ಚುಕ್ಕಾಣಿ ನಿನ್ನ ಕೈಗೇ ಕೊಡ್ತೇನೆ, ಗುರಿಕಾರರು ಬೈದರೆ ಬೈಯಲಿ. ಈ ಸಲ ನಾನು ಹಾಯಿ ಕಟ್ಟಲಿಕ್ಕೆ ಮುಂದೆ ಹೋಗುವುದಿಲ್ಲ, ನಿನ್ನ ಪಕ್ಕದಲ್ಲೇ ಕೂತ್ಕೊಳ್ತೇನೆ. ಬರುವಾಗ ಆ ನಕ್ಷೆಯ ಕಾಗದ ಮಾತ್ರ ತರಬೇಡ ಮಾರಾಯ.

ನೋಣಯ್ಯ ತಂಡೇಲ